ಎರೆನೆಲದ ಮೇಲಿನ ಗಾಳಿ

ರಾಯಚೂರಿನಿಂದ ಮಾನ್ವಿಗೆ ಹೋಗುವ ದಾರಿಯಲ್ಲಿ ಕಲ್ಲೂರು ಸಿಗುತ್ತದೆ. ಈ ಭಾಗದಲ್ಲಿ ಮೇ ತಿಂಗಳ ಮಧ್ಯಾಹ್ನ ಮೋಡ ಕಟ್ಟುವುದು, ಗುಡುಗುವುದು, ಇನ್ನೇನು ಸುರಿದೇಬಿಟ್ಟಿತು ಎನ್ನುವಾಗ ಎರೆಹೊಲದ ಧೂಳನ್ನೆಲ್ಲ ಎಬ್ಬಿಸಿಕೊಂಡು ಬಿರುಗಾಳಿ ನುಗ್ಗುವುದು, ನಾಲ್ಕು ದಪ್ಪ ಹನಿ ಉದುರಿ ಎಲ್ಲ ಮುಗಿದುಹೋಗುವುದು ಹೊಸತಲ್ಲ. ಗಾಳಿ ಬಂದು ಮಳೆಯನ್ನು ಹೊಡಕೊಂಡು ಹೋಯಿತು ಎನ್ನುತ್ತಾರೆ ಜನ. ನಡೆದಿರುವುದು ಬಹುಮಟ್ಟಿಗೆ ಅದರ ತಿರುವುಮುರುವು: ಆ ಗಾಳಿ ಹುಟ್ಟಿದ್ದೇ ಮಳೆಯಿಂದ. ಇದನ್ನು ಲೆಕ್ಕ ಹಾಕಿ ತೋರಿಸಲು ಎರಡು ಉಷ್ಣಮಾಪಕಗಳು ಸಾಕು, ಒಂದು ಒಣದು, ಇನ್ನೊಂದರ ಬುಡಕ್ಕೆ ಒದ್ದೆ ಬಟ್ಟೆ ಸುತ್ತಿದ್ದು. ಎರಡರ ಅಂತರದಿಂದ ಗಾಳಿಯ ಇಬ್ಬನಿ ಬಿಂದು ಸಿಗುತ್ತದೆ. ಎಷ್ಟು ಡಿಗ್ರಿಗೆ ತಣಿದರೆ ಅದರೊಳಗಿನ ಆವಿ ನೀರಾಗತೊಡಗುತ್ತದೆ ಎಂಬುದು ಅದರಿಂದ ತಿಳಿಯುತ್ತದೆ. ಮೇಲೇರುವ ಗಾಳಿ ಪ್ರತಿ ಕಿಲೋಮೀಟರಿಗೆ ಸುಮಾರು 9.8 ಡಿಗ್ರಿ ತಣಿಯುತ್ತದೆ. ಒತ್ತಡ ಕಡಿಮೆಯಾದಂತೆ ಇಬ್ಬನಿ ಬಿಂದುವೂ ಕಿಲೋಮೀಟರಿಗೆ 1.8 ಡಿಗ್ರಿಯಷ್ಟು ಇಳಿಯುತ್ತದೆ. ಹಾಗಾಗಿ ಎರಡರ ನಡುವಿನ ಅಂತರ ಕಿಲೋಮೀಟರಿಗೆ 8 ಡಿಗ್ರಿಯಂತೆ ಮುಚ್ಚುತ್ತ ಬರುತ್ತದೆ, ಒಂದು ಡಿಗ್ರಿಗೆ 125 ಮೀಟರ್. ಮೇ ತಿಂಗಳಲ್ಲಿ ತಾಪ 42 ಡಿಗ್ರಿ, ಇಬ್ಬನಿ ಬಿಂದು 16 ಡಿಗ್ರಿ ಎಂದಿಟ್ಟುಕೊಂಡರೆ ಅಂತರ 26; ಮೋಡದ ತಳ ನೆಲದಿಂದ ಸುಮಾರು 3250 ಮೀಟರ್ ಮೇಲೆ. ಅಷ್ಟು ಎತ್ತರದಿಂದ ಬೀಳುವ ಹನಿ ಮೂರು ಕಿಲೋಮೀಟರಿಗಿಂತ ಹೆಚ್ಚು ಒಣಗಾಳಿಯನ್ನು ದಾಟಿ ಬರಬೇಕು. ಸಣ್ಣ ಹನಿಗಳೆಲ್ಲ ದಾರಿಯಲ್ಲೇ ಆರಿಹೋಗುತ್ತವೆ. ಆರಲು ಬೇಕಾದ ಶಾಖವನ್ನು ಸುತ್ತಲ ಗಾಳಿಯಿಂದಲೇ ಹೀರುತ್ತವೆ. ಆ ಗಾಳಿ ತಣಿದು, ಸುತ್ತಲಿನದಕ್ಕಿಂತ ಭಾರವಾಗಿ, ಕೆಳಕ್ಕೆ ಕುಸಿದು, ನೆಲಕ್ಕೆ ಬಡಿದು ನಾಲ್ಕೂ ದಿಕ್ಕಿಗೆ ಹರಡುತ್ತದೆ. ಹೊಲದ ಧೂಳು ಎದ್ದದ್ದು ಹೀಗೆ.

ಇಷ್ಟು ಲೆಕ್ಕದಲ್ಲಿ ಬಿ.ಎಸ್ಸಿ. ಎರಡನೇ ವರ್ಷದ ವಿದ್ಯಾರ್ಥಿಗೆ ಗೊತ್ತಿಲ್ಲದ ಸಂಗತಿ ಒಂದೂ ಇಲ್ಲ. ಕಿಲೋಮೀಟರಿಗೆ 9.8 ಡಿಗ್ರಿ ಎಂಬುದು ಯಾರೋ ಬಲೂನು ಹಾರಿಸಿ ಅಳೆದು ಹೇಳಿದ ಅಂಕಿಯಷ್ಟೇ ಅಲ್ಲ. ಉಷ್ಣಗತಿವಿಜ್ಞಾನದ ಮೊದಲ ನಿಯಮವನ್ನೂ, ಗಾಳಿಯ ಕಂಬ ತನ್ನ ಭಾರವನ್ನು ತಾನೇ ಹೊತ್ತು ನಿಂತಿದೆ ಎಂಬ ಸಮೀಕರಣವನ್ನೂ ಸೇರಿಸಿದರೆ ಉತ್ತರ ಎರಡೇ ಸಾಲಿನಲ್ಲಿ ಬರುತ್ತದೆ: ಗುರುತ್ವವನ್ನು ಗಾಳಿಯ ವಿಶಿಷ್ಟೋಷ್ಣದಿಂದ ಭಾಗಿಸಿದರೆ ಆಯಿತು. 9.8ನ್ನು 1005ರಿಂದ ಭಾಗಿಸಿ ನೋಡಿ. ಮಾನ್ವಿ, ದೇವದುರ್ಗದಂಥ ಊರುಗಳ ಪದವಿ ತರಗತಿಯಲ್ಲಿ ಈ ಎರಡೂ ಸಮೀಕರಣಗಳು ಕಪ್ಪುಹಲಗೆಯ ಮೇಲೆ ಬರುತ್ತವೆ, ಪರೀಕ್ಷೆಯಲ್ಲೂ ಬರುತ್ತವೆ. ಆದರೆ ಅವು ಕಿಟಕಿಯಾಚೆ ಕಾಣುವ ಮೋಡದ ಎತ್ತರವನ್ನು ಹೇಳುತ್ತವೆ ಎಂಬ ಮಾತು ಪಾಠದಲ್ಲಿ ಬರುವುದು ಅಪರೂಪ. ಹವೆ ಭೂಗೋಳದ ಪುಸ್ತಕಕ್ಕೆ ಸೇರಿದ್ದು, ಮಳೆ ಕೃಷಿ ಕಾಲೇಜಿಗೆ ಸೇರಿದ್ದು, ಭೌತಶಾಸ್ತ್ರವೆಂದರೆ ಪ್ರಯೋಗಾಲಯದ ಮೇಜಿನ ಮೇಲಿನದು ಎಂಬ ವಿಂಗಡಣೆ ನಮ್ಮಲ್ಲಿ ಗಟ್ಟಿಯಾಗಿ ಕೂತಿದೆ. ಈ ವಿಂಗಡಣೆ ತಪ್ಪು ಎಂಬುದು ಈ ಅಧ್ಯಾಯದ ವಾದ. ವಾಯುಮಂಡಲದ ಅಧ್ಯಯನ ಭೌತಶಾಸ್ತ್ರದ ತುದಿಯಲ್ಲಿ ಅಂಟಿಸಿಕೊಂಡ ಬಾಲವಲ್ಲ, ಪದವಿ ಮಟ್ಟದ ಭೌತಶಾಸ್ತ್ರವೆಲ್ಲ ಒಟ್ಟಿಗೆ ಕೆಲಸಕ್ಕೆ ಬರುವ ಜಾಗ ಅದು. ಅದನ್ನು ಕಲಿಸಲು ಕೃಷ್ಣಾ–ತುಂಗಭದ್ರೆಗಳ ನಡುವಿನ ನಮ್ಮ ಎಡೆದೊರೆ ನಾಡಿಗಿಂತ ಒಳ್ಳೆಯ ಪ್ರಯೋಗಾಲಯ ಹುಡುಕುವುದು ಕಷ್ಟ.

ಮಳೆನೆರಳಿನ ಪ್ರಶ್ನೆಯನ್ನೇ ತೆಗೆದುಕೊಳ್ಳೋಣ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿ.ಮೀ.ಗೂ ಮಿಕ್ಕಿ ಮಳೆ. ಪಡುವಣ ಕಡಲಿನಿಂದ 300 ಕಿ.ಮೀ.ಗೂ ಹೆಚ್ಚು ಒಳಗಿರುವ ರಾಯಚೂರಿನಲ್ಲಿ ಅದರ ಹತ್ತನೇ ಒಂದು ಪಾಲೂ ಇಲ್ಲ. ಶಾಲೆಯಲ್ಲಿ ಕಲಿಸುವ ಉತ್ತರ ಎಲ್ಲರಿಗೂ ಗೊತ್ತು: ಘಟ್ಟ ಮೋಡದ ನೀರನ್ನೆಲ್ಲ ಹಿಂಡಿಕೊಂಡಿತು, ಒಣಗಿದ ಗಾಳಿ ನಮ್ಮ ಪಾಲಿಗೆ ಬಂತು. ಇದು ನಿಜವಾಗಿದ್ದರೆ ಜುಲೈನಲ್ಲಿ ಕಲ್ಲೂರಿನ ಗಾಳಿ ಒಣಗಿರಬೇಕಿತ್ತು. ಅದೇ ಎರಡು ಉಷ್ಣಮಾಪಕಗಳನ್ನು ಜುಲೈನಲ್ಲಿ ನೋಡಿದರೆ ತಾಪ 31, ಇಬ್ಬನಿ ಬಿಂದು 22ರ ಆಸುಪಾಸು ಇರುತ್ತದೆ. ಒಂದು ಕಿಲೋ ಗಾಳಿಯಲ್ಲಿ ಸುಮಾರು 17 ಗ್ರಾಂ ನೀರಾವಿ, ಮೇ ತಿಂಗಳಿಗಿಂತ ಎಷ್ಟೋ ಹೆಚ್ಚು. ಮೋಡದ ತಳವೂ 1100 ಮೀಟರಿಗೆ ಇಳಿದಿರುತ್ತದೆ. ದಿನವಿಡೀ ಬೂದುಮೋಡ ಪಡುವಣದಿಂದ ಮೂಡಣಕ್ಕೆ ಓಡುತ್ತಲೇ ಇರುತ್ತದೆ, ತೊಗರಿ ಬಿತ್ತಿದವರು ತಲೆಯೆತ್ತಿ ನೋಡುತ್ತಲೇ ಇರುತ್ತಾರೆ. ಆವಿ ಇದೆ, ಮೋಡ ಇದೆ, ಮಳೆ ಇಲ್ಲ. ಅಂದಮೇಲೆ ಹಿಂಡಿಕೊಂಡ ಕತೆ ಅರ್ಧ ಸತ್ಯ. ಉಳಿದರ್ಧ ಮೇಲಿದೆ. ಆಫ್ರಿಕದ ಪೂರ್ವ ತೀರದಿಂದ ಹೊರಟು ಅರಬ್ಬಿ ಸಮುದ್ರ ದಾಟಿ ಬರುವ ಮುಂಗಾರಿನ ಗಾಳಿ ನೆಲದಿಂದ ಒಂದೂವರೆ ಕಿಲೋಮೀಟರ್ ಎತ್ತರದಲ್ಲಿ ಅತ್ಯಂತ ಬಿರುಸಾಗಿರುತ್ತದೆ. ಘಟ್ಟ ಏರಿ ಇಳಿದ ಆ ಪ್ರವಾಹ ಬಯಲುಸೀಮೆಯ ಮೇಲೆ ಮೆಲ್ಲಗೆ ಕೆಳಕ್ಕೆ ಒತ್ತುತ್ತಿರುತ್ತದೆ. ಕೆಳಕ್ಕೆ ಒತ್ತಿದ ಗಾಳಿ ಬಿಸಿಯಾಗುತ್ತದೆ. ಬಿಸಿ ಪದರವೊಂದು ಮೋಡದ ನೆತ್ತಿಯ ಮೇಲೆ ಮುಚ್ಚಳವಾಗಿ ಕೂರುತ್ತದೆ. ಮೋಡ ಅಗಲಕ್ಕೆ ಹರಡುತ್ತದೆಯೇ ಹೊರತು ಎತ್ತರಕ್ಕೆ ಬೆಳೆಯಲಾರದು. ಕೆಳಗೆ ನಿಂತವರಿಗೆ ಕಾಣುವುದು ಅದರ ತಳ ಮಾತ್ರ. ಮಳೆ ಬರುವುದೋ ಇಲ್ಲವೋ ಎಂಬುದನ್ನು ತೀರ್ಮಾನಿಸುವುದು ಕಾಣದಿರುವ ದಪ್ಪ.

ಆ ದಪ್ಪಕ್ಕೇಕೆ ಅಷ್ಟು ಬೆಲೆ ಎಂಬುದಕ್ಕೆ ಮೋಡದೊಳಗಿನ ಹನಿಯ ಅಳತೆ ಉತ್ತರ ಕೊಡುತ್ತದೆ. ಮೋಡದ ಒಂದು ಕಣದ ತ್ರಿಜ್ಯ ಸುಮಾರು 10 ಮೈಕ್ರಾನ್, ಮಳೆಹನಿಯದು ಒಂದು ಮಿಲಿಮೀಟರ್. ನೂರು ಪಟ್ಟು ತ್ರಿಜ್ಯವೆಂದರೆ ಗಾತ್ರದಲ್ಲಿ ಹತ್ತು ಲಕ್ಷ ಪಟ್ಟು. ಒಂದು ಮಳೆಹನಿಗೆ ಹತ್ತು ಲಕ್ಷ ಮೋಡಕಣಗಳು ಬೇಕು. ಆವಿ ಬಂದು ಅಂಟಿಕೊಳ್ಳುತ್ತ ಹೋಗುವುದರಿಂದಲೇ ಕಣ ಅಷ್ಟು ಬೆಳೆಯಬೇಕೆಂದರೆ ಮೋಡದ ಆಯುಸ್ಸು ಸಾಲದು. ಕಣಗಳು ಒಂದಕ್ಕೊಂದು ಢಿಕ್ಕಿ ಹೊಡೆದು ಕೂಡಿಕೊಳ್ಳಬೇಕು; ಅದಕ್ಕೆ ಕೆಲವಾದರೂ ಕಣಗಳು ಉಳಿದವಕ್ಕಿಂತ ದೊಡ್ಡವಾಗಿ, ಬೇಗ ಬೀಳುವಂತಿರಬೇಕು. ಮೋಡ ತೆಳ್ಳಗಿದ್ದರೆ ಕಣಕ್ಕೆ ಬೆಳೆಯಲು ದಾರಿಯಿಲ್ಲ. ಗಾಳಿಯಲ್ಲಿ ಧೂಳು, ಹೊಗೆಯ ಕಣಗಳು ಮಿತಿಮೀರಿದ್ದರೆ ಇದ್ದ ನೀರೆಲ್ಲ ಅಸಂಖ್ಯ ಸಣ್ಣ ಕಣಗಳಾಗಿ ಹಂಚಿಹೋಗುತ್ತದೆ, ಯಾವುದೂ ಬೀಳುವಷ್ಟು ದೊಡ್ಡದಾಗುವುದಿಲ್ಲ. ಪುಣೆಯ ಭಾರತೀಯ ಉಷ್ಣವಲಯ ಪವನವಿಜ್ಞಾನ ಸಂಸ್ಥೆ ಇದೇ ಮಳೆನೆರಳಿನ ಸೊಲ್ಲಾಪುರದಲ್ಲಿ 2018 ಮತ್ತು 2019ರ ಮುಂಗಾರಿನಲ್ಲಿ ವಿಮಾನ, ರಾಡಾರು ಇಟ್ಟುಕೊಂಡು 276 ಮೋಡಗಳನ್ನು ಪರೀಕ್ಷಿಸಿತು. ಹನಿ ದೊಡ್ಡದಾಗಲೆಂದು ಕಣಗಳನ್ನು ಬಿತ್ತನೆ ಮಾಡಿದ ಮೋಡಗಳ ಕೆಳಗಾಳಿಯಲ್ಲಿ 100 ಚದರ ಕಿ.ಮೀ. ಪ್ರದೇಶದ ಮೇಲೆ ಮಳೆ ಸುಮಾರು ಶೇ. 18ರಷ್ಟು ಹೆಚ್ಚಿತ್ತು ಎಂಬುದು ಅದರ ಫಲಿತಾಂಶ. ಅದು ತಕ್ಕ ಮೋಡ ಸಿಕ್ಕಿದಾಗಿನ ಮಾತು. 2017ರ ಆಗಸ್ಟಿನಲ್ಲಿ ಕರ್ನಾಟಕ ಸರ್ಕಾರ ‘ವರ್ಷಧಾರಿ’ ಹೆಸರಿನಲ್ಲಿ ಮೋಡ ಬಿತ್ತನೆ ಶುರುಮಾಡಿದಾಗ ನೆರೆಯ ಸುರಪುರದಲ್ಲೂ ಒಂದು ರಾಡಾರು ನಿಂತಿತ್ತು. ಬಿತ್ತನೆಯಿಂದ ಏನಾಗಬಹುದು, ಏನಾಗದು ಎಂಬ ಚರ್ಚೆ ಊರಕಟ್ಟೆಯಲ್ಲೂ ವಿಧಾನಸೌಧದಲ್ಲೂ ನಡೆಯಿತು. ಆ ಚರ್ಚೆಗೆ ಬೇಕಾಗಿದ್ದದ್ದು ಮೇಲೆ ಹೇಳಿದ ಹತ್ತು ಲಕ್ಷದ ಲೆಕ್ಕ. ಅದನ್ನು ಹಾಕಿ ತೋರಿಸಬಲ್ಲ ಪದವೀಧರರು ಪ್ರತಿ ತಾಲ್ಲೂಕಿನಲ್ಲೂ ಇದ್ದಿದ್ದರೆ ಮಾತು ಬೇರೆ ಮಟ್ಟದಲ್ಲಿ ನಡೆಯುತ್ತಿತ್ತು.

ರಾಯಚೂರಿಗೆ ಹೆಚ್ಚು ಮಳೆ ತರುವ ತಿಂಗಳು ಸೆಪ್ಟೆಂಬರ್. ಪಡುವಣ ಗಾಳಿಯ ಬಿರುಸು ಆಗ ಕುಗ್ಗಿರುತ್ತದೆ, ಮುಚ್ಚಳ ಸಡಿಲುತ್ತದೆ, ನೆಲದಲ್ಲಿ ಹಸಿ ಇರುತ್ತದೆ, ಬಂಗಾಳ ಕೊಲ್ಲಿಯ ವಾಯುಭಾರ ಕುಸಿತಗಳು ದಕ್ಷಿಣದ ದಾರಿ ಹಿಡಿಯತೊಡಗುತ್ತವೆ. 2009 ಇದರ ಅತಿರೇಕ. ಆ ವರ್ಷ ದೇಶದ ಒಟ್ಟು ಮುಂಗಾರು ಮಳೆ ವಾಡಿಕೆಗಿಂತ ಶೇ. 22ರಷ್ಟು ಕಡಿಮೆ, ಬರಗಾಲದ ವರ್ಷ. ಅದೇ ವರ್ಷ ಸೆಪ್ಟೆಂಬರ್ ಕೊನೆಗೂ ಅಕ್ಟೋಬರ್ ಮೊದಲಿಗೂ ನಡುವಿನ ಕೆಲವೇ ದಿನಗಳಲ್ಲಿ ಕೊಲ್ಲಿಯ ಕಡೆಯಿಂದ ಬಂದ ವ್ಯವಸ್ಥೆಯೊಂದು ಉತ್ತರ ಕರ್ನಾಟಕದ ಮೇಲೆ ಸುರಿದು, ತುಂಗಭದ್ರೆ ಉಕ್ಕಿ, ದಂಡೆಯ ಹಳ್ಳಿಗಳು ಮುಳುಗಿದವು, ಮಂತ್ರಾಲಯ ಮುಳುಗಿತು, ಕರ್ನೂಲು ಮುಳುಗಿತು. ರಾಜ್ಯದಲ್ಲಿ 200ಕ್ಕೂ ಹೆಚ್ಚು ಜನ ಸತ್ತರು. ಸರಾಸರಿಯೊಂದನ್ನೇ ನಂಬಿದವರಿಗೆ ಇದು ಅರ್ಥವಾಗುವ ಘಟನೆಯಲ್ಲ. ವರ್ಷವಿಡೀ ಆವಿ ಎಲ್ಲಿಗೂ ಹೋಗಿರಲಿಲ್ಲ; ಅದನ್ನು ಮೇಲೆತ್ತುವ ಗಾಳಿಯ ಚಲನೆ ಇರಲಿಲ್ಲ. ಅದು ಬಂದ ದಿನ ಮಳೆ ಬಂತು. ಬರವೂ ನೆರೆಯೂ ಒಂದೇ ಸಮೀಕರಣದ ಎರಡು ಪರಿಹಾರಗಳು ಎಂದು ಕಾಣುವ ಕಣ್ಣು ಭೌತಶಾಸ್ತ್ರದಿಂದ ಬರುವಂಥದು.

ಇಲ್ಲಿ ಒಂದು ಎಚ್ಚರಿಕೆಯೂ ಬೇಕು. ಹವಾವಿಜ್ಞಾನದ ಬಹುತೇಕ ಪಠ್ಯಗಳು ಯುರೋಪು, ಅಮೆರಿಕಗಳ ಆಕಾಶ ನೋಡಿಕೊಂಡು ಬರೆದವು. ಶೀತ ಮುಖ, ಉಷ್ಣ ಮುಖ ಎಂದು ಅವು ಬಿಡಿಸುವ ನಕ್ಷೆಗಳನ್ನು ಬಾಯಿಪಾಠ ಮಾಡಿದ ರಾಯಚೂರಿನ ವಿದ್ಯಾರ್ಥಿ ಹೊರಗೆ ಬಂದರೆ ಅವು ಯಾವುವೂ ಕಾಣುವುದಿಲ್ಲ. ಕಾರಣ ಭೂಮಿಯ ತಿರುಗುವಿಕೆ ಗಾಳಿಯ ಮೇಲೆ ಬೀರುವ ಪ್ರಭಾವ ಅಕ್ಷಾಂಶದ ಸೈನ್‌ಗೆ ಅನುಗುಣ. 16 ಡಿಗ್ರಿಯಲ್ಲಿರುವ ನಮ್ಮಲ್ಲಿ ಅದು 50 ಡಿಗ್ರಿಯ ಊರಿನದರ ಮೂರನೇ ಒಂದು ಪಾಲಿಗಿಂತ ಸ್ವಲ್ಪ ಹೆಚ್ಚು, ಅಷ್ಟೆ. ಅಲ್ಲಿ ಒತ್ತಡ ಇಳಿಯಿತೆಂದರೆ ಹವೆ ಕೆಡುತ್ತದೆಂದು ಲೆಕ್ಕ. ನಮ್ಮಲ್ಲಿ ಒತ್ತಡ ದಿನವೂ ಎರಡು ಸಲ ಏರುತ್ತದೆ, ಎರಡು ಸಲ ಇಳಿಯುತ್ತದೆ. ಬೆಳಗ್ಗೆ ಹತ್ತು, ರಾತ್ರಿ ಹತ್ತರ ಸುಮಾರಿಗೆ ಏರು, ಸಂಜೆ ನಾಲ್ಕು, ನಸುಕಿನ ನಾಲ್ಕರ ಸುಮಾರಿಗೆ ಇಳಿ. ಮೇಲಿನ ವಾಯುಮಂಡಲದ ಓಝೋನೂ ಕೆಳಗಿನ ನೀರಾವಿಯೂ ಬಿಸಿಲನ್ನು ಹೀರಿಕೊಳ್ಳುವುದರಿಂದ ಇಡೀ ಗಾಳಿಯಲ್ಲಿ ಏಳುವ ಭರತ ಇದು. ಏರಿಳಿತ ಮೂರು ಹೆಕ್ಟೊಪ್ಯಾಸ್ಕಲ್‌ನಷ್ಟು, ಎಂದರೆ ಎಂಟು ಒಂಬತ್ತು ಅಂತಸ್ತಿನ ಕಟ್ಟಡವನ್ನು ಹತ್ತಿ ಇಳಿದಷ್ಟು ವ್ಯತ್ಯಾಸ. ಒತ್ತಡ ಅಳೆಯುವ ಸಂವೇದಕವಿರುವ ಮೊಬೈಲು ಕೈಯಲ್ಲಿದ್ದರೆ ಒಂದೇ ದಿನದಲ್ಲಿ ಈ ಅಲೆಯನ್ನು ಗ್ರಾಫ್ ಕಾಗದದ ಮೇಲೆ ಹಿಡಿಯಬಹುದು. ಲಂಡನ್ನಿನ ವಿದ್ಯಾರ್ಥಿಗೆ ಇದು ಸುಲಭಕ್ಕೆ ಸಿಗದು. ದಿನದಿನದ ಹವೆಯ ಗದ್ದಲದಲ್ಲಿ ಅಲ್ಲಿನ ಸಣ್ಣ ಭರತ ಮುಚ್ಚಿಹೋಗುತ್ತದೆ. ಸೂರ್ಯ ವರ್ಷಕ್ಕೆರಡು ಸಲ, ಮೇ ಮೊದಲ ವಾರದಲ್ಲೂ ಆಗಸ್ಟ್ ಎರಡನೇ ವಾರದ ಆರಂಭದಲ್ಲೂ, ರಾಯಚೂರಿನ ನೆತ್ತಿಯ ಮೇಲೆ ನೇರ ನಿಲ್ಲುತ್ತಾನೆ, ನೆಟ್ಟ ಕೋಲಿಗೆ ನೆರಳೇ ಇರುವುದಿಲ್ಲ. ಎರಡು ದಿನವೂ ಸೂರ್ಯನ ಎತ್ತರ ಒಂದೇ, ಆದರೆ ಒಂದು ದಿನ 42 ಡಿಗ್ರಿ, ಇನ್ನೊಂದು ದಿನ 32. ವ್ಯತ್ಯಾಸ ಮಾಡಿದ್ದು ಮೋಡ ಮತ್ತು ನೆಲದ ಹಸಿ. ಇಂಥ ಹೋಲಿಕೆ ಬಯಸಿದರೂ ಸಿಗದ ಊರುಗಳೇ ಜಗತ್ತಿನಲ್ಲಿ ಹೆಚ್ಚು.

ನೆಲದ ಹಸಿಯ ವಿಷಯ ಬಂದಾಗ ಕಾಲುವೆಯ ಮಾತು ಬಾರದಿರದು. ಮಾನ್ವಿ, ಸಿರವಾರ, ರಾಯಚೂರು ಭಾಗ ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಯ ಭಾಗ. ನೀರು ಮುಟ್ಟಿದ ಕಡೆ ಭತ್ತ, ಮುಟ್ಟದ ಕಡೆ ಒಣ ಎರೆ. ಏಪ್ರಿಲಿನ ಒಂದು ಶುಭ್ರ ದಿನ ಪ್ರತಿ ಚದರ ಮೀಟರಿಗೆ ಸುಮಾರು 24 ಮೆಗಾಜೂಲ್ ಬಿಸಿಲು ಬೀಳುತ್ತದೆ. ನೀರು ನಿಂತ ಗದ್ದೆಯಿಂದ ದಿನಕ್ಕೆ 5 ಮಿ.ಮೀ. ನೀರು ಆವಿಯಾದರೆ ಚದರ ಮೀಟರಿಗೆ 5 ಕಿಲೋ; ಪ್ರತಿ ಕಿಲೋಗೆ 2.45 ಮೆಗಾಜೂಲಿನಂತೆ 12 ಮೆಗಾಜೂಲ್ ಅದಕ್ಕೇ ಖರ್ಚು. ಬಿದ್ದ ಬಿಸಿಲಿನಲ್ಲಿ ಅರ್ಧ ಗಾಳಿಯನ್ನು ಕಾಯಿಸುವ ಬದಲು ಗುಪ್ತೋಷ್ಣವಾಗಿ ಮೇಲೆ ಹೋಯಿತು. ಪಕ್ಕದ ಎರೆಹೊಲದಲ್ಲಿ ಆವಿಯಾಗಲು ನೀರಿಲ್ಲ. ಕಪ್ಪು ಮಣ್ಣು ಬಿಸಿಲಿನ ಸುಮಾರು ಹತ್ತನೇ ಒಂದು ಭಾಗವನ್ನಷ್ಟೇ ತಿರುಗಿಸಿ ಕಳಿಸುತ್ತದೆ. ಉಳಿದದ್ದೆಲ್ಲ ಮಣ್ಣನ್ನೂ ಗಾಳಿಯನ್ನೂ ಕಾಯಿಸುತ್ತದೆ. ಒಂದು ಬದುವಿನ ಆಚೆ ಈಚೆ ಎರಡು ಬೇರೆ ಹವಾಗುಣ. ಗದ್ದೆಯ ಕಡೆ ಉಷ್ಣಮಾಪಕ ಕಡಿಮೆ ತೋರಿಸಿದರೂ ನಾಟಿ ಮಾಡುವ ಹೆಣ್ಣುಮಕ್ಕಳ ಮೈಗೆ ಅಲ್ಲಿ ತಂಪೆಂದು ಹೇಳಲಾಗದು. ಬೆವರು ಆರದ ಗಾಳಿ ಅದು. ಮನುಷ್ಯನ ದೇಹಕ್ಕೆ ಮಿತಿ ಹೇರುವುದು ಒಣ ಬುಡದ ಅಳತೆಗಿಂತ ಒದ್ದೆ ಬುಡದ ಅಳತೆ. ಅದು 35 ಡಿಗ್ರಿ ಮುಟ್ಟಿದರೆ ಆರೋಗ್ಯವಂತರೂ ನೆರಳಿನಲ್ಲಿ ಕೂತೇ ಕೆಲವು ಗಂಟೆಗಳಲ್ಲಿ ಸಾಯಬಹುದು, ದುಡಿಯುವವರಿಗೆ ಅದಕ್ಕಿಂತ ಎಷ್ಟೋ ಕೆಳಗೇ ಅಪಾಯ. ಬೇಸಿಗೆಯ ವರದಿಗಳಲ್ಲಿ ಗರಿಷ್ಠ ತಾಪವೊಂದನ್ನೇ ದೊಡ್ಡ ಅಕ್ಷರದಲ್ಲಿ ಹಾಕುವ ಪದ್ಧತಿ ನನಗೆ ನಿಜಕ್ಕೂ ಕಳವಳ ತರುತ್ತದೆ.

ಹವೆಯ ವಿಜ್ಞಾನ ಭೌತಶಾಸ್ತ್ರಕ್ಕೆ ಸೇರಿದ್ದು ಎನ್ನಲು ಅದನ್ನು ಕಟ್ಟಿದವರ ಓದನ್ನು ನೋಡಿದರೂ ಸಾಕು. ಮುಂಗಾರಿನ ಮುನ್ಸೂಚನೆ ಹುಡುಕುತ್ತ ಪೆಸಿಫಿಕ್ ಸಾಗರದ ಒತ್ತಡದ ತೂಗಾಟವನ್ನು ಗುರುತಿಸಿದ ಗಿಲ್ಬರ್ಟ್ ವಾಕರ್ 1904ರಲ್ಲಿ ಭಾರತ ಹವಾಮಾನ ಇಲಾಖೆಯ ಮುಖ್ಯಸ್ಥರಾಗಿ ಬಂದಾಗ ಕೇಂಬ್ರಿಜ್‌ನ ಗಣಿತಜ್ಞ. ಅನ್ನಾ ಮಣಿ ಓದಿದ್ದು ಭೌತಶಾಸ್ತ್ರ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ವಿ. ರಾಮನ್ ಅವರ ಬಳಿ ವಜ್ರ, ಮಾಣಿಕ್ಯಗಳ ಬೆಳಕನ್ನು ಅಳೆದವರು. 1945ರಲ್ಲಿ ವಿದ್ಯಾರ್ಥಿವೇತನ ಪಡೆದು ಇಂಗ್ಲೆಂಡಿಗೆ ಹೋದಾಗ ಸಿಕ್ಕ ಅವಕಾಶ ಹವಾ ಉಪಕರಣಗಳದು. 1948ರಲ್ಲಿ ಪುಣೆಯ ಹವಾಮಾನ ಇಲಾಖೆ ಸೇರಿ, ಹೊರದೇಶದಿಂದ ತರಿಸುತ್ತಿದ್ದ ನೂರರಷ್ಟು ಉಪಕರಣಗಳ ನಕ್ಷೆಗಳನ್ನು ಪ್ರಮಾಣೀಕರಿಸಿ ಇಲ್ಲಿಯೇ ತಯಾರಾಗುವಂತೆ ಮಾಡಿದರು. ವಜ್ರದ ರೋಹಿತ ಓದಿದ ಕಣ್ಣಿಗೆ ಬಿಸಿಲು ಅಳೆಯುವುದು ಹೊರಗಿನ ವಿದ್ಯೆಯಾಗಲಿಲ್ಲ. ಬೆಂಗಳೂರಿನವರೇ ಆದ ರೊದ್ದಂ ನರಸಿಂಹ ಅವರದು ವಿಮಾನದ ರೆಕ್ಕೆಯ ಸುತ್ತ ಹರಿಯುವ ಗಾಳಿಯ ಅಧ್ಯಯನ. ವಿಜ್ಞಾನ ಸಂಸ್ಥೆಯಲ್ಲಿ 1982ರಲ್ಲಿ ವಾಯುಮಂಡಲ ವಿಜ್ಞಾನ ಕೇಂದ್ರ ಹುಟ್ಟಲು ಕಾರಣರಾದವರಲ್ಲಿ ಅವರೊಬ್ಬರು. ಮುಂದೆ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಅವರ ತಂಡ ನೀರಿನ ತೊಟ್ಟಿಯೊಳಗೆ ಮೋಡವನ್ನೇ ಅನುಕರಿಸಿತು: ಮೇಲೇರುವ ನೀರಿನ ಬುಗ್ಗೆಯನ್ನು ನಡುದಾರಿಯಲ್ಲಿ ವಿದ್ಯುತ್ತಿನಿಂದ ಕಾಯಿಸಿ, ಆವಿ ನೀರಾಗುವಾಗ ಬಿಡುವ ಶಾಖ ಮೋಡದ ಆಕಾರವನ್ನು ಹೇಗೆ ರೂಪಿಸುತ್ತದೆ ಎಂದು ತೋರಿಸಿತು. ಫಲಿತಾಂಶ ಪ್ರಕಟವಾದದ್ದು 2011ರಲ್ಲಿ. ಮೋಡದ ಪ್ರಶ್ನೆಯನ್ನು ಮೇಜಿನ ಮೇಲೆ ತಂದಿಟ್ಟು ಕೇಳಬಹುದು ಎಂಬುದಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಡ.

ಆಕ್ಷೇಪಗಳು ಇವೆ, ಹಗುರವಾದವಲ್ಲ. ಮೊದಲನೆಯದು ನಮ್ಮ ರೈತರದು: ಮಿರಗ, ಆರಿದ್ರಾ, ಹುಬ್ಬಿ, ಉತ್ತರಿ ಎಂದು ಮಳೆ ನಕ್ಷತ್ರಗಳ ಲೆಕ್ಕ ಇರುವಾಗ ಕಾಲೇಜಿನ ಸಮೀಕರಣವೇಕೆ? ಈ ಲೆಕ್ಕವನ್ನು ನಾನು ತಳ್ಳಿಹಾಕುವುದಿಲ್ಲ. ಸೂರ್ಯ ಒಂದೊಂದು ನಕ್ಷತ್ರದಲ್ಲಿ 13–14 ದಿನ ಇರುವುದನ್ನು ಆಧರಿಸಿ, ತಲೆಮಾರುಗಳ ಮಳೆಯನ್ನು ನೆನಪಿಟ್ಟು ಕಟ್ಟಿದ ವಾಡಿಕೆಯ ಕೋಷ್ಟಕ ಅದು, ಒಳ್ಳೆಯ ಸಂಖ್ಯಾಶಾಸ್ತ್ರ. ಆದರೆ ಅದು ಕಟ್ಟಿಕೊಂಡ ಗಡಿಯಾರ ನಿಧಾನವಾಗಿ ಜಾರುತ್ತಿದೆ. ಭೂಮಿಯ ಅಕ್ಷ ಬುಗುರಿಯಂತೆ ವಾಲಾಡುವುದರಿಂದ ಋತುಗಳಿಗೂ ನಕ್ಷತ್ರಗಳಿಗೂ ನಡುವಿನ ಹೊಂದಾಣಿಕೆ ಸುಮಾರು 71 ವರ್ಷಕ್ಕೆ ಒಂದು ದಿನದಂತೆ ತಪ್ಪುತ್ತದೆ. ಸಾವಿರ ವರ್ಷಕ್ಕೆ 14 ದಿನ, ಸರಿಯಾಗಿ ಒಂದು ನಕ್ಷತ್ರ. ಈಗ ಜೂನ್ 7–8ಕ್ಕೆ ಕೂಡುವ ಮಿರಗ ಕಲ್ಯಾಣದ ಚಾಲುಕ್ಯರ ಕಾಲದಲ್ಲಿ, ಋತುವಿನ ಲೆಕ್ಕಕ್ಕೆ ಹೇಳುವುದಾದರೆ, ಈಗಿನ ರೋಹಿಣಿಯ ಜಾಗದಲ್ಲಿತ್ತು. ಮಳೆಗಾಲ ಬರುವುದು ಸೂರ್ಯನ ಬಿಸಿಲನ್ನು ನಂಬಿ, ನಕ್ಷತ್ರವನ್ನಲ್ಲ. ಇದಲ್ಲದೆ ವಾಡಿಕೆ ಎಂಬುದು ಈ ಹದಿನೈದು ದಿನದಲ್ಲಿ ಸಾಮಾನ್ಯವಾಗಿ ಏನಾಗುತ್ತದೆ ಎಂದು ಹೇಳಬಲ್ಲುದೇ ಹೊರತು 2009ರಂಥ ವಾರವನ್ನು ಹೇಳಲಾರದು.

ಹಾಗಾದರೆ ನಿಮ್ಮ ಮುನ್ಸೂಚನೆಯಾದರೂ ಸರಿಯಿದೆಯೇ ಎಂಬುದು ಎರಡನೇ ಆಕ್ಷೇಪ. ಮಳೆ ಎಂದ ದಿನ ಬಿಸಿಲು, ಬಿಸಿಲು ಎಂದ ದಿನ ಮಳೆ. ಇದಕ್ಕೆ ಎರಡು ಭಾಗದ ಉತ್ತರವಿದೆ. 1963ರಲ್ಲಿ ಎಡ್ವರ್ಡ್ ಲೊರೆಂಜ್ ತೋರಿಸಿದಂತೆ ವಾಯುಮಂಡಲದ ಆರಂಭ ಸ್ಥಿತಿಯ ಕೂದಲೆಳೆಯ ತಪ್ಪೂ ದಿನ ಕಳೆದಂತೆ ಬೆಳೆದು ಲೆಕ್ಕವನ್ನೇ ನುಂಗುತ್ತದೆ. ಸುಮಾರು ಎರಡು ವಾರದಾಚೆಗೆ ದಿನದ ಹವೆ ಹೇಳಲು ಯಾರಿಂದಲೂ ಆಗದು. ಇದು ವಿಜ್ಞಾನದ ಸೋಲಲ್ಲ, ತನ್ನ ಮಿತಿಯನ್ನು ತಾನೇ ಲೆಕ್ಕಹಾಕಿ ಹೇಳಿದ ವಿಜ್ಞಾನ. ಇನ್ನೊಂದು ಭಾಗ ಅಳತೆಗೆ ಸೇರಿದ್ದು. 2025ರ ಮೇ ತಿಂಗಳಲ್ಲಿ ಬಳಕೆಗೆ ಬಂದ ಭಾರತದ ಹೊಸ ಮುನ್ಸೂಚನಾ ವ್ಯವಸ್ಥೆ 12 ಕಿ.ಮೀ. ಚೌಕಗಳ ಬದಲು 6 ಕಿ.ಮೀ. ಚೌಕಗಳಲ್ಲಿ ಲೆಕ್ಕ ಮಾಡುತ್ತದೆ. ಮೇ ತಿಂಗಳ ಗುಡುಗುಮೋಡದ ಅಗಲವೇ ಕೆಲವು ಕಿಲೋಮೀಟರ್. ಅದು ಚೌಕದ ಒಳಗೇ ಹುಟ್ಟಿ ಒಳಗೇ ಸಾಯಬಹುದು. ಜೊತೆಗೆ ನೋಡುವ ಕಣ್ಣಿನ ತೊಂದರೆ. ಹೈದರಾಬಾದಿನ ಡಾಪ್ಲರ್ ರಾಡಾರು ರಾಯಚೂರಿನಿಂದ ನೇರ ಗೆರೆಯಲ್ಲಿ ಸುಮಾರು 180 ಕಿ.ಮೀ. ಅರ್ಧ ಡಿಗ್ರಿ ಮೇಲ್ಮುಖವಾಗಿ ಹೊರಟ ಕಿರಣ ನಮ್ಮಲ್ಲಿಗೆ ಬರುವ ಹೊತ್ತಿಗೆ ವಾಲಿಕೆಯಿಂದ ಒಂದೂವರೆ ಕಿ.ಮೀ., ಭೂಮಿಯ ಗುಂಡಗಿನ ಮೈಯಿಂದ ಮತ್ತೆ ಎರಡು ಕಿ.ಮೀ.ಯಷ್ಟು ಮೇಲಾಗಿರುತ್ತದೆ. ಮೂರು ಕಿಲೋಮೀಟರಿನ ಕೆಳಗೆ ನಡೆಯುವುದು, ಎಂದರೆ ನಾವು ಆರಂಭದಲ್ಲಿ ನೋಡಿದ ಹನಿ ಆರುವ, ಗಾಳಿ ಕುಸಿಯುವ ಕತೆಯೆಲ್ಲ ಅದರ ಕಣ್ಣಿಗೆ ಬೀಳದು. ಮುನ್ಸೂಚನೆ ತಪ್ಪಿದ್ದಕ್ಕೆ ಬಯ್ಯುವವರಿಗೆ ಈ ರೇಖಾಗಣಿತ ಗೊತ್ತಿದ್ದರೆ ಬೈಗುಳ ರಾಡಾರಿನ ಬೇಡಿಕೆಯಾಗಿ ಬದಲಾಗುತ್ತಿತ್ತು.

ಈಚಿನ ಆಕ್ಷೇಪ ಕೃತಕ ಬುದ್ಧಿಮತ್ತೆಯದು. ದತ್ತಾಂಶ ತುಂಬಿದರೆ ಯಂತ್ರವೇ ಹವೆ ಹೇಳುವಾಗ ಹುಡುಗರು ಉಷ್ಣಗತಿವಿಜ್ಞಾನ ಏಕೆ ಓದಬೇಕು? 2023ರಲ್ಲಿ ಹೆಸರು ಮಾಡಿದ ಗ್ರಾಫ್‌ಕಾಸ್ಟ್ ಎಂಬ ಮಾದರಿ ಹತ್ತು ದಿನದ ಮುನ್ಸೂಚನೆಯನ್ನು ನಿಮಿಷದೊಳಗೆ ಕೊಡುತ್ತದೆ, ನಿಜ. ಅದು ಕಲಿತದ್ದು ಯಾವುದರಿಂದ? 1979ರಿಂದ 2017ರವರೆಗಿನ ಜಾಗತಿಕ ಹವಾ ದಾಖಲೆಯಿಂದ. ಆ ದಾಖಲೆ ಬರಿಯ ಅಳತೆಗಳ ರಾಶಿಯಲ್ಲ. ಬಿಡಿಬಿಡಿಯಾಗಿ ಸಿಕ್ಕ ಅಳತೆಗಳನ್ನು ಭೌತಶಾಸ್ತ್ರದ ಸಮೀಕರಣಗಳಿಂದ ಹೆಣೆದು ತುಂಬಿದ್ದು. 2025ರ ಮುಂಗಾರಿಗೆ ಮೊದಲು ಮಳೆಯ ಆಗಮನದ ಸೂಚನೆಯನ್ನು ಸುಮಾರು 3.8 ಕೋಟಿ ರೈತರ ಮೊಬೈಲಿಗೆ ಕೇಂದ್ರ ಕೃಷಿ ಸಚಿವಾಲಯ ಕಳಿಸಿತು. ಅದಕ್ಕೆ ಬಳಸಿದ ಮಾದರಿಗಳಲ್ಲೊಂದಾದ ನ್ಯೂರಲ್‌ಜಿಸಿಎಂನಲ್ಲಿ ಗಾಳಿಯ ಚಲನೆಯ ಸಮೀಕರಣಗಳು ಹಾಗೆಯೇ ಉಳಿದಿವೆ, ಮೋಡದಂಥ ಸಣ್ಣ ಅಳತೆಯ ಪ್ರಕ್ರಿಯೆಗಳನ್ನು ಮಾತ್ರ ಯಂತ್ರ ಕಲಿತು ತುಂಬುತ್ತದೆ. ಯಂತ್ರ ಕೊಟ್ಟ ಉತ್ತರ ನಂಬುವಂಥದೇ ಎಂದು ಕೇಳಬೇಕಾದವರು ಮನುಷ್ಯರು. ಆ ಪ್ರಶ್ನೆ ಕೇಳಲು ಗಾಳಿಯ ಗುಣ ಗೊತ್ತಿರಬೇಕು.

ಉದ್ಯೋಗದ ಆಕ್ಷೇಪವನ್ನು ತಂದೆತಾಯಿಗಳು ಎತ್ತುತ್ತಾರೆ, ಎತ್ತಬೇಕಾದದ್ದೇ. ಜಿಲ್ಲಾ ಮಟ್ಟದ ಕೃಷಿ ಹವಾಮಾನ ಘಟಕಗಳನ್ನು ತೆರೆದು, 2024ರಲ್ಲಿ ಮುಚ್ಚಿದ ಸರ್ಕಾರದ ತೀರ್ಮಾನ ಈ ವಿದ್ಯೆಯನ್ನು ನಂಬಿ ಬಂದ ಯುವಕರಿಗೆ ಆದ ಅನ್ಯಾಯ ಎಂದೇ ನನ್ನ ಅಭಿಪ್ರಾಯ. ಹಳ್ಳಿಗೆ ಹತ್ತಿರದ ಕೊಂಡಿಯನ್ನೇ ಕಡಿದಂತಾಯಿತು. ಆದರೂ ದಾರಿ ಒಂದೇ ಅಲ್ಲ. ಹವಾಮಾನ ಇಲಾಖೆಯ 990 ವೈಜ್ಞಾನಿಕ ಸಹಾಯಕ ಹುದ್ದೆಗಳಿಗೆ 2022ರಲ್ಲಿ ಅರ್ಜಿ ಕರೆದಾಗ ಭೌತಶಾಸ್ತ್ರವನ್ನು ಒಂದು ವಿಷಯವಾಗಿ ಓದಿದ ಬಿ.ಎಸ್ಸಿ. ಪದವೀಧರರು ಅರ್ಹರಿದ್ದರು. ಸ್ನಾತಕೋತ್ತರ ಓದಿಗೆ ವಿಶಾಖಪಟ್ಟಣದ ಆಂಧ್ರ ವಿಶ್ವವಿದ್ಯಾಲಯ, ಕೊಚ್ಚಿ, ಪುಣೆ, ಹೈದರಾಬಾದುಗಳಿವೆ. ಹೈದರಾಬಾದಂತೂ ರಾಯಚೂರಿನವರಿಗೆ ಬೆಂಗಳೂರಿಗಿಂತ ಹತ್ತಿರ. ಈ ಓದು ಬಯಸುವುದು ಭೌತಶಾಸ್ತ್ರ ಮತ್ತು ಗಣಿತದ ಗಟ್ಟಿ ಅಡಿಪಾಯ. ಹವೆಯಲ್ಲಿ ಆಸಕ್ತಿ ಇರುವ ಹುಡುಗಿ ಬಿ.ಎಸ್ಸಿ.ಯಲ್ಲಿ ಗಣಿತವನ್ನು ಬಿಟ್ಟು ಸುಲಭವೆಂದು ಬೇರೊಂದನ್ನು ಆಯ್ದುಕೊಂಡರೆ ಮುಂದೆ ಗಾಳಿಯ ಚಲನೆಯ ಸಮೀಕರಣದ ಮುಂದೆ ನಿಂತುಬಿಡುತ್ತಾಳೆ. ಪಿಯುಸಿ ಮುಗಿಸಿದ ಬೇಸಿಗೆಯಲ್ಲೇ ಈ ಮಾತನ್ನು ಅವಳಿಗೆ ಹೇಳುವ ಮೇಷ್ಟ್ರು ಬೇಕು.

ಉಳಿದದ್ದು ಉಪಕರಣದ ನೆಪ. ಎರಡು ಉಷ್ಣಮಾಪಕ, ಒಂದು ಮೊಬೈಲು ಏನು ಕೊಡಬಲ್ಲವೆಂದು ಮೇಲೆ ನೋಡಿದೆವು. ಅದಕ್ಕಿಂತ ದೊಡ್ಡ ಆಸ್ತಿ ರಾಜ್ಯದಲ್ಲೇ ಇದೆ. 1988ರಲ್ಲಿ ಬರದ ಮೇಲೆ ಕಣ್ಣಿಡಲು ಹುಟ್ಟಿದ ಕೋಶವೇ ಬೆಳೆದು ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಗಿದ್ದು, ಗ್ರಾಮ ಪಂಚಾಯಿತಿಗೊಂದರಂತೆ ಅದು ನಿಲ್ಲಿಸಿದ ಮಳೆಮಾಪಕಗಳು 15 ನಿಮಿಷಕ್ಕೊಮ್ಮೆ ಅಳತೆ ಕಳಿಸುತ್ತವೆ. ದೇಶದಲ್ಲಿ ಇಷ್ಟು ದಟ್ಟವಾದ ಜಾಲ ಅಪರೂಪ. ಪದವಿಯ ಕೊನೆಯ ವರ್ಷದ ಒಂದು ಯೋಜನೆಯನ್ನು ಹೀಗೆ ಊಹಿಸಿ: ಕಾಲುವೆ ನೀರುಂಡ ಪಂಚಾಯಿತಿಗಳು ಒಂದು ಗುಂಪು, ಒಣಬೇಸಾಯದ ಪಂಚಾಯಿತಿಗಳು ಇನ್ನೊಂದು. ಎರಡರಲ್ಲೂ ಏಪ್ರಿಲ್–ಮೇ ತಿಂಗಳ ಗುಡುಗು ಮಳೆ ಯಾವ ಗಂಟೆಗೆ ಶುರುವಾಗುತ್ತದೆ, ಎಷ್ಟು ಹೊತ್ತು ಬೀಳುತ್ತದೆ, ಎಷ್ಟು ಬಿರುಸು? ಗದ್ದೆಯ ತೇವ ಮೋಡದ ತಳವನ್ನು ಕೆಳಗಿಳಿಸುತ್ತದೆ, ಅದು ಮಳೆಗೆ ಅನುಕೂಲ. ಅದೇ ಗದ್ದೆ ನೆಲವನ್ನು ತಂಪಾಗಿಸಿ ಗಾಳಿ ಮೇಲೇಳುವ ಹುರುಪನ್ನೂ ತಗ್ಗಿಸುತ್ತದೆ, ಅದು ಪ್ರತಿಕೂಲ. ಎರಡರಲ್ಲಿ ಯಾವುದು ಗೆಲ್ಲುತ್ತದೆಂದು ಪುಸ್ತಕ ನೋಡಿ ಹೇಳಲಾಗದು, ಬದುವಿನ ಎರಡೂ ಕಡೆಯ ಅಂಕಿಗಳನ್ನು ತಂದು ಪಕ್ಕಪಕ್ಕ ಇಡಬೇಕು. ಬಿಸಿ ನೆಲವೂ ತಂಪು ನೆಲವೂ ಕೂಡುವ ಗಡಿಯಲ್ಲಿ ಸಣ್ಣ ಗಾಳಿಯೊಂದು ಏಳಬೇಕೆಂದು ಸಮೀಕರಣ ಹೇಳುತ್ತದೆ, ಕಡಲ ತೀರದಲ್ಲಿ ಏಳುವಂಥದೇ. ಆ ಗಡಿಗುಂಟ ಇರುವ ಮಳೆಮಾಪಕಗಳನ್ನು ಮೂರನೇ ಗುಂಪಾಗಿ ಬೇರೆ ಇಟ್ಟುಕೊಂಡು ಲೆಕ್ಕ ಶುರುಮಾಡಬೇಕು.